ದಪ್ಪ ರಕ್ತ ಬೇರೆ, ಹೆಪ್ಪುಗಟ್ಟಿದ ರಕ್ತ ಬೇರೆ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಜನರು ರಕ್ತದ ಬಗೆಗೆ ಸಾಮಾನ್ಯವಾಗಿ ಆಡುವ ಮಾತುಗಳು ಎರಡು. ‘ರಕ್ತ ದಪ್ಪ ಆಗೇತಿ’ ಎಂಬುದು ಒಂದು, ‘ರಕ್ತ ತೆಳ್ಳಗ ಆಗೇತಿ’ ಎಂಬುದು ಇನ್ನೊಂದು. ಕಾಲು ಜೋಮು ಹಿಡಿದರೂ ರಕ್ತ ದಪ್ಪವಾಗಿದೆ ಎನ್ನುತ್ತಾರೆ. ತಲೆ ಭಾರವಾದರೂ ಅದನ್ನೇ ಹೇಳುತ್ತಾರೆ. ಲಕ್ವ ಹೊಡೆದರೂ, ಎದೆಯಲ್ಲಿ ನೋವು ಬಂದರೂ ಕಾರಣ ಅದೇ. ದಪ್ಪವಾದದ್ದನ್ನು ತೆಳ್ಳಗೆ ಮಾಡಿದರೆ ರೋಗ ಹೋಗುತ್ತದೆ, ತೆಳ್ಳಗಾದ ಮೇಲೆ ಔಷಧ ಬೇಕಿಲ್ಲ ಎಂಬುದು ಈ ಮಾತಿನ ಮುಂದಿನ ತರ್ಕ. ಹಲವು ದಶಕಗಳ ಕಾಲ ಈ ಮೂರು ತಾಲೂಕುಗಳ ರೋಗಿಗಳ ನಾಡಿ ಹಿಡಿದು ನೋಡಿದ ನಮಗೆ ಅನಿಸಿರುವುದು ಇಷ್ಟು: ಈ ತರ್ಕ ತಪ್ಪು, ತಪ್ಪು ಮಾತ್ರವಲ್ಲ, ಕೆಲವೊಮ್ಮೆ ಪ್ರಾಣಕ್ಕೆ ಎರವಾಗುವಂಥದು. ಆಯುರ್ವೇದದ ವೈದ್ಯರಾದ ನಾವೇ ಇದನ್ನು ಬಿಚ್ಚಿ ಹೇಳಬೇಕಾಗಿದೆ. ಏಕೆಂದರೆ ಆಸ್ಪತ್ರೆಯ ಮಾತ್ರೆಯನ್ನು ಬಿಟ್ಟವರು ಮೊದಲು ಬರುವುದು ನಮ್ಮ ಬಾಗಿಲಿಗೇ.

ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರುಂಡು ಕಬ್ಬು ಬೆಳೆಯುವ ನಾಡು ನಮ್ಮದು. ಗಾಣದಲ್ಲಿ ಬೆಲ್ಲ ಮಾಡುವುದನ್ನು ನೋಡದವರು ಇಲ್ಲಿ ವಿರಳ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ನೀರು ಆವಿಯಾಗುತ್ತದೆ, ಪಾಕ ಗಟ್ಟಿಯಾಗುತ್ತದೆ. ಆ ಪಾಕಕ್ಕೆ ಮತ್ತೆ ನೀರು ಸುರಿದರೆ ಅದು ಮತ್ತೆ ತೆಳ್ಳಗಾಗುತ್ತದೆ. ಇದು ದಪ್ಪವಾಗುವ ಬಗೆ. ಇನ್ನು ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿರಿ. ಅಲ್ಲಿ ನೀರು ಆರುವುದಿಲ್ಲ. ಪಾತ್ರೆಯಲ್ಲಿದ್ದ ನೀರು ಅಷ್ಟೇ ಇರುತ್ತದೆ. ಆದರೂ ಬೆಳಗಾಗುವಷ್ಟರಲ್ಲಿ ಹಾಲಿನೊಳಗೆ ಕರಗಿದಂತಿದ್ದ ಸಸಾರಜನಕದ ಅಂಶಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ಪಾತ್ರೆ ಗಟ್ಟಿ ಮೊಸರಾಗಿರುತ್ತದೆ. ಆ ಮೊಸರಿಗೆ ನೀರು ಹಾಕಿದರೆ ಮಜ್ಜಿಗೆಯಾದೀತೇ ಹೊರತು ಹಾಲಾಗದು. ರಕ್ತ ‘ಹೆಪ್ಪುಗಟ್ಟಿತು’ ಎಂದು ಹೇಳುವಾಗ ನಮ್ಮ ಹಿರಿಯರು ಬಳಸಿದ್ದು ಈ ಎರಡನೆಯ ಮಾತನ್ನು. ಬೆಲ್ಲದ ಪಾಕದ ಮಾತನ್ನು ಅವರು ಇಲ್ಲಿಗೆ ತರಲಿಲ್ಲ. ಅವರ ಕಣ್ಣು ಸರಿಯಾಗಿಯೇ ಕಂಡಿತ್ತು.

ರಕ್ತ ನಿಜವಾಗಿಯೂ ದಪ್ಪವಾಗುವುದುಂಟು. ನಮ್ಮ ರಕ್ತದಲ್ಲಿ ಸುಮಾರು 55 ಭಾಗ ರಕ್ತರಸ, ಉಳಿದ 45 ಭಾಗ ಕಣಗಳು. ಆ ರಕ್ತರಸದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರು. ಯುಗಾದಿಗೆ ಮುನ್ನ ಬಿರುಬಿಸಿಲಿನಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಭಕ್ತರು, ಫಡದಲ್ಲಿ ಮುಂಜಾನೆಯಿಂದ ಕಬ್ಬು ಕಡಿಯುವವರು, ವಾಂತಿಭೇದಿಯಾದವರು ನೀರು ಕಳೆದುಕೊಂಡಾಗ ರಕ್ತ ದಪ್ಪವಾಗುತ್ತದೆ. ಬಹುಕಾಲ ಬೀಡಿ ಸಿಗರೇಟು ಸೇದಿದವರಲ್ಲಿ ಕೆಂಪು ಕಣಗಳೇ ಹೆಚ್ಚಾಗಿಯೂ ದಪ್ಪವಾಗಬಹುದು. ಮೊದಲನೆಯದಕ್ಕೆ ನೀರು, ಮಜ್ಜಿಗೆ, ಗಂಜಿಯೇ ಔಷಧ. ಎರಡನೆಯದಕ್ಕೆ ಬೀಡಿ ಬಿಡುವುದು ಮೊದಲ ಔಷಧ. ಆದರೆ ಹೆಪ್ಪುಗಟ್ಟುವುದು ಇದಕ್ಕಿಂತ ಭಿನ್ನವಾದ ಕ್ರಿಯೆ.

ಆ ಕ್ರಿಯೆಯನ್ನು ತುಸು ತಿಳಿದುಕೊಳ್ಳೋಣ. ಕುಡುಗೋಲು ತಾಗಿ ಬೆರಳು ಕುಯ್ದಾಗ ಮೊದಲು ಆ ರಕ್ತನಾಳ ತಾನೇ ಮುದುಡಿಕೊಳ್ಳುತ್ತದೆ. ಒಡನೆಯೇ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಆಮೇಲೆ ರಕ್ತರಸದಲ್ಲಿ ಸದ್ದಿಲ್ಲದೆ ತಿರುಗುತ್ತಿದ್ದ ಹತ್ತಾರು ಅಂಶಗಳು ಒಂದನ್ನೊಂದು ಎಚ್ಚರಿಸುತ್ತ ಹೋಗುತ್ತವೆ. ಕೊನೆಗೆ ಥ್ರಾಂಬಿನ್ ಎಂಬ ಅಂಶವು ಫೈಬ್ರಿನೋಜನ್ ಎಂಬ ಕರಗಿದ ಸಸಾರಜನಕವನ್ನು ಫೈಬ್ರಿನ್ ಎಂಬ ನೂಲನ್ನಾಗಿ ಮಾಡುತ್ತದೆ. ಆ ನೂಲಿನ ಬಲೆಯಲ್ಲಿ ಕಣಗಳು ಸಿಕ್ಕಿಕೊಂಡು ಹೆಪ್ಪು ಗಟ್ಟಿಯಾಗುತ್ತದೆ. ಗಾಯ ಮಾಯ್ದ ಮೇಲೆ ಪ್ಲಾಸ್ಮಿನ್ ಎಂಬ ಇನ್ನೊಂದು ಅಂಶ ಬಂದು ಆ ಬಲೆಯನ್ನು ಕರಗಿಸಿಬಿಡುತ್ತದೆ. ಕಟ್ಟುವವರು, ಕರಗಿಸುವವರು ಇಬ್ಬರೂ ರಕ್ತದಲ್ಲಿಯೇ ಇದ್ದಾರೆ. ಇವರಿಬ್ಬರ ತೂಕ ಸಮವಾಗಿರುವುದೇ ಆರೋಗ್ಯ.

ಈ ಸಮತೂಕವನ್ನು ನಮ್ಮ ಶಾಸ್ತ್ರವೂ ಗಮನಿಸಿದೆ. ಸುಶ್ರುತರು ಸೂತ್ರಸ್ಥಾನದಲ್ಲಿ ಶುದ್ಧ ರಕ್ತದ ಲಕ್ಷಣ ಹೇಳುವಾಗ, ಅದು ಮಳೆಗಾಲದ ಇಂದ್ರಗೋಪ ಹುಳುವಿನಂತೆ ಕೆಂಪಾಗಿಯೂ ಗಟ್ಟಿಗೊಳ್ಳದೆಯೂ ಇರಬೇಕು ಎಂದಿದ್ದಾರೆ. ವಾತದಿಂದಲೂ ಪಿತ್ತದಿಂದಲೂ ಕೆಟ್ಟ ರಕ್ತ ಹೆಪ್ಪುಗಟ್ಟುವುದಿಲ್ಲವೆಂದೂ, ಕಫದಿಂದ ಕೆಟ್ಟದ್ದು ಲೋಳೆಯಾಗಿ, ಸಾಂದ್ರವಾಗಿ, ಮಾಂಸದ ತುಣುಕಿನಂತೆ ಕಾಣುತ್ತದೆಂದೂ ವಿವರಿಸಿದ್ದಾರೆ. ಹರಿಯುವ ರಕ್ತವನ್ನು ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಉಪಾಯಗಳನ್ನು ಹೇಳಿದ್ದಾರೆ. ಅದರಲ್ಲಿ ತಂಪಿನಿಂದ ರಕ್ತವನ್ನು ಗಟ್ಟಿಗೊಳಿಸುವುದೇ ಸ್ಕಂದನ. ಹೆಪ್ಪುಗಟ್ಟುವುದು ರಕ್ತದ ದೋಷವೆಂದು ಶಾಸ್ತ್ರ ಎಲ್ಲಿಯೂ ಹೇಳಿಲ್ಲ. ತಕ್ಕ ಜಾಗದಲ್ಲಿ, ತಕ್ಕ ಕಾಲದಲ್ಲಿ ಅದು ಗುಣ. ಜಾಗ ತಪ್ಪಿದಾಗ ರೋಗ.

ಜಾಗ ತಪ್ಪುವುದೇಕೆ? ಜರ್ಮನಿಯ ವೈದ್ಯ ವಿರ್ಶೋ 1856ರ ಹೊತ್ತಿಗೆ ಇದನ್ನು ವಿವರವಾಗಿ ಬರೆದರು. ಅವರ ವಿಚಾರದಿಂದ ಬೆಳೆದು ಬಂದ ಮೂರು ಕಾರಣಗಳನ್ನು ಇಂದಿಗೂ ವೈದ್ಯರು ಬೆರಳೆಣಿಸಿ ಹೇಳುತ್ತಾರೆ. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆ ಕೆಡುವುದು, ರಕ್ತಕ್ಕೆ ಹೆಪ್ಪುಗಟ್ಟುವ ಒಲವು ಹೆಚ್ಚುವುದು. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಮನೆಗಳ ಕಡೆಗೊಮ್ಮೆ ನೋಡೋಣ.

ಮೊದಲು ಬಾಣಂತಿಯ ಕೋಣೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಬಾರದೆಂದು ಗರ್ಭಿಣಿಯ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ಸಹಜವಾಗಿಯೇ ಹೆಚ್ಚಾಗಿರುತ್ತವೆ. ಆ ಒಲವು ಹೆರಿಗೆಯಾದ ಸುಮಾರು ಆರು ವಾರಗಳವರೆಗೂ ಉಳಿಯುತ್ತದೆ. ಅದೇ ಹೊತ್ತಿಗೆ ನಾವು ಮಾಡುವುದೇನು? ‘ನೀರ ಕುಡದರ ಹೊಟ್ಟಿ ಬರತೈತಿ, ಕೂಸಿಗೆ ನೆಗಡಿ ಆಕೈತಿ’ ಎಂದು ನೀರಿಗೆ ಕಡಿವಾಣ ಹಾಕುತ್ತೇವೆ. ಎದ್ದು ಓಡಾಡಬೇಡ ಎಂದು ಮಲಗಿಸುತ್ತೇವೆ. ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬೆವರಿಸುತ್ತೇವೆ. ಒಲವು ಹೆಚ್ಚಿದ ರಕ್ತಕ್ಕೆ ನೀರಿನ ಕೊರತೆಯನ್ನೂ ಹರಿವಿನ ನಿಧಾನವನ್ನೂ ನಾವೇ ಸೇರಿಸುತ್ತೇವೆ. ಇಂಥ ಬಾಣಂತಿಯರ ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ವೈದ್ಯರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ನಾವೂ ಕಂಡಿದ್ದೇವೆ. ಹೆರಿಗೆಯಾಗಿ ಹನ್ನೆರಡು ದಿನವಾಗಿದ್ದ ಒಬ್ಬ ಹೆಣ್ಣುಮಗಳಿಗೆ ಮೂರು ದಿನದಿಂದ ತಡೆಯಲಾರದ ತಲೆನೋವು, ವಾಂತಿ. ನಾಲ್ಕನೆಯ ದಿನ ಫಿಟ್ಸ್ ಬಂದಿತು. ಮನೆಯವರು ಗಾಳಿ ಸೋಕಿದೆಯೆಂದು ನಿಂಬೆಹಣ್ಣು ಇಳಿಸಿ ತೆಗೆದಿದ್ದರು. ಬೆಳಗಾವಿಗೆ ಕಳುಹಿಸಿ ಸ್ಕ್ಯಾನ್ ಮಾಡಿಸಿದಾಗ ಮಿದುಳಿನಲ್ಲಿ ಹೆಪ್ಪು ಕಂಡಿತು. ಆಕೆ ಬದುಕಿದಳು, ಕೂಸನ್ನೆತ್ತಿಕೊಂಡು ನಮ್ಮಲ್ಲಿಗೆ ಬಂದಳು. ಆದರೆ ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ.

ಬಾಣಂತಿಗೆ ನೀರು ಕೊಡಬಾರದೆಂಬುದು ಆಯುರ್ವೇದದ ಮಾತೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಚರಕರು ಬಾಣಂತಿಗೆ ಜಠರಾಗ್ನಿಗೆ ತಕ್ಕಷ್ಟು ಸ್ನೇಹವನ್ನು ಕೊಟ್ಟು, ಅದು ಜೀರ್ಣವಾದ ಮೇಲೆ ಪಿಪ್ಪಲಿ ಮೊದಲಾದ ದ್ರವ್ಯಗಳಿಂದ ಸಿದ್ಧಪಡಿಸಿದ ಗಂಜಿಯನ್ನು ದ್ರವವಾಗಿಯೇ ಕುಡಿಸಬೇಕೆಂದು ಹೇಳುತ್ತಾರೆ. ಎರಡೂ ಹೊತ್ತು ಬಿಸಿನೀರು ಎರೆಯಬೇಕೆನ್ನುತ್ತಾರೆ. ಅವರು ಕಾಳಜಿ ವಹಿಸಿದ್ದು ತಣ್ಣಗಿನ, ಜೀರ್ಣವಾಗದ ಆಹಾರದ ಬಗೆಗೆ. ನೀರಡಿಸಿ ಮಲಗಿಸುವುದನ್ನು ಅವರು ಕಲಿಸಲಿಲ್ಲ. ಹಾಲೂಡಿಸುವ ತಾಯಿಗೆ ಗಂಜಿ, ಹಾಲು, ಸಾರು ಎಲ್ಲ ಸೇರಿ ದಿನಕ್ಕೆ ಎರಡೂವರೆ ಮೂರು ಲೀಟರ್ ದ್ರವ ಬೇಕು. ಕಾಯಿಸಿ ಆರಿಸಿದ ಬೆಚ್ಚನೆಯ ನೀರನ್ನು ಕೇಳಿದಷ್ಟು ಕೊಡಿರಿ. ಸಹಜ ಹೆರಿಗೆಯಾದವಳು ಮರುದಿನದಿಂದಲೇ ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆಯಲಿ. ಬಿಡದ ತಲೆನೋವು, ಫಿಟ್ಸ್, ಕಣ್ಣು ಮಂಜಾಗುವುದು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಮಾತ್ರೆಯ ಡಬ್ಬಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಕವಾಟ ಬದಲಿಸಿಕೊಂಡವರು, ಎದೆಬಡಿತ ಏರುಪೇರಾಗಿ ಲಕ್ವ ಹೊಡೆಸಿಕೊಂಡವರು ಇಂದು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಿಗೆ ಕೊಡುವ ಮಾತ್ರೆಗಳಿಗೆ ನಾವೆಲ್ಲ ‘ರಕ್ತ ತೆಳ್ಳಗೆ ಮಾಡುವ ಮಾತ್ರೆ’ ಎಂದು ಹೆಸರಿಟ್ಟಿದ್ದೇವೆ. ಈ ಹೆಸರೇ ಅನರ್ಥಕ್ಕೆ ಮೂಲ. ಆ ಮಾತ್ರೆಗಳು ರಕ್ತವನ್ನು ಒಂದಿಷ್ಟೂ ತೆಳ್ಳಗೆ ಮಾಡುವುದಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ವಾರ್ಫರಿನ್, ಅಸೆನೋಕೌಮರಾಲ್ ಮಾತ್ರೆಗಳು ಯಕೃತ್ತಿನಲ್ಲಿ ಕೆ ಜೀವಸತ್ವದ ನೆರವಿನಿಂದ ತಯಾರಾಗುವ ಹೆಪ್ಪಿನ ಅಂಶಗಳನ್ನು ತಗ್ಗಿಸುತ್ತವೆ. ಅಂದರೆ ಇವು ಹಾಲಿಗೆ ನೀರು ಬೆರೆಸುವುದಿಲ್ಲ, ಹೆಪ್ಪು ಬೀಳದಂತೆ ಕಾಯುತ್ತವೆ. ಕಾವಲುಗಾರನನ್ನು ಕಳುಹಿಸಿಬಿಟ್ಟರೆ ನಾಲ್ಕಾರು ದಿನಗಳಲ್ಲಿ ರಕ್ತದ ಒಲವು ಮೊದಲಿನಂತೆಯೇ ಆಗುತ್ತದೆ.

ನಮಗೆ ಪರಿಚಿತರಾದ ಒಬ್ಬ ರೈತರು ಹೃದಯದ ಕವಾಟ ಬದಲಿಸಿಕೊಂಡು ಆರು ವರ್ಷ ಚೆನ್ನಾಗಿದ್ದರು. ‘ಈಗ ರಕ್ತ ತೆಳ್ಳಗ ಆಗಿರತೈತಿ, ಇನ್ನ ಗುಳಿಗಿ ಯಾಕ? ಬೆಳ್ಳುಳ್ಳಿ ಕಷಾಯ ಕುಡಿರಿ ಸಾಕು’ ಎಂದು ಯಾರೋ ಹೇಳಿದರು. ಮಾತ್ರೆ ನಿಲ್ಲಿಸಿದ ತಿಂಗಳೊಳಗೆ ಅವರ ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಇಂದು ಅವರ ಹೊಲವನ್ನು ಬೇರೆಯವರು ಪಾಲಿಗೆ ಮಾಡುತ್ತಿದ್ದಾರೆ. ಆ ಸಲಹೆ ಕೊಟ್ಟವರಿಗೆ ಕೆಡುಕಿನ ಮನಸ್ಸಿರಲಿಲ್ಲ. ‘ತೆಳ್ಳಗೆ’ ಎಂಬ ಒಂದು ಶಬ್ದ ಅವರನ್ನು ದಾರಿ ತಪ್ಪಿಸಿತು.

‘ಅದು ಇಲಿ ಪಾಷಾಣ, ವಿಷ’ ಎಂದು ಹೆದರಿಸುವವರೂ ಉಂಟು. ಮಾತಿನಲ್ಲಿ ಅರ್ಧ ಸತ್ಯವಿದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಬೂಷ್ಟು ಹಿಡಿದ ಒಂದು ಬಗೆಯ ಮೇವನ್ನು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನಿಂದ ಅದರ ಕಾರಣವಾದ ಅಂಶವನ್ನು ಬೇರ್ಪಡಿಸಿದರು. ಅದರ ಮಾದರಿಯಲ್ಲಿ ಮಾಡಿದ ವಾರ್ಫರಿನ್ 1948ರಲ್ಲಿ ಇಲಿಗಳಿಗಾಗಿಯೇ ಬಂದಿತು. 1954ರಲ್ಲಿ ಅಳತೆಗೊಳಪಟ್ಟು ಮನುಷ್ಯರ ಔಷಧವಾಯಿತು. ವತ್ಸನಾಭಿಯನ್ನು ಶೋಧಿಸಿ, ಗುಂಜಿಯ ತೂಕದಲ್ಲಿ ಔಷಧ ಮಾಡುವ ಪರಂಪರೆಯ ನಾವು ಇದಕ್ಕೆ ಬೆಚ್ಚಬೇಕಿಲ್ಲ. ಪ್ರಮಾಣ ತಪ್ಪಿದರೆ ವಿಷ, ಪ್ರಮಾಣದಲ್ಲಿದ್ದರೆ ಅಮೃತ. ಆ ಪ್ರಮಾಣವನ್ನು ಅಳೆಯಲೆಂದೇ ಐಎನ್‌ಆರ್ ಎಂಬ ರಕ್ತಪರೀಕ್ಷೆಯಿದೆ. ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕು. ಕೆಲವು ಕವಾಟಗಳಿಗೆ ತುಸು ಹೆಚ್ಚು. ಕಡಿಮೆಯಾದರೆ ಹೆಪ್ಪಿನ ಭಯ, ಮೀರಿದರೆ ರಕ್ತಸ್ರಾವದ ಭಯ. ಪರೀಕ್ಷೆ ಮಾಡಿಸದೆ ವರ್ಷಗಟ್ಟಲೆ ಮಾತ್ರೆ ನುಂಗುವುದೂ ಮಾತ್ರೆ ಬಿಡುವಷ್ಟೇ ಅಪಾಯಕರ.

ಇಲ್ಲಿ ನಮ್ಮ ವೃತ್ತಿಬಾಂಧವರಿಗೆ ಒಂದು ಮಾತು. ಅಡುಗೆಯಲ್ಲಿ ಬೀಳುವ ಬೆಳ್ಳುಳ್ಳಿ, ಶುಂಠಿ, ಅರಿಶಿನದಿಂದ ಈ ರೋಗಿಗಳಿಗೆ ತೊಂದರೆಯಿಲ್ಲ. ಆದರೆ ಅವನ್ನೇ ನಾವು ಔಷಧದ ಪ್ರಮಾಣದಲ್ಲಿ, ಗುಳಿಗೆಯಾಗಿ ಕೊಟ್ಟಾಗ ಮಾತ್ರೆಯ ಜೊತೆ ಸೇರಿ ರಕ್ತಸ್ರಾವ ಹೆಚ್ಚಿಸಬಹುದು. ಮೆಂತ್ಯ, ಪಾಲಕ, ರಾಜಗಿರಿಯಂಥ ಸೊಪ್ಪುಗಳಲ್ಲಿ ಕೆ ಜೀವಸತ್ವ ಹೇರಳ. ಅವನ್ನು ಬಿಡುವುದು ಬೇಡ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ತೆರನಾಗಿರಲಿ. ರಕ್ತಮೋಕ್ಷಣಕ್ಕೆ ಬಂದವರನ್ನು ಮೊದಲು ‘ಯಾವ ಮಾತ್ರೆ ನಡೆಯುತ್ತಿದೆ?’ ಎಂದು ಕೇಳಲೇಬೇಕು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದನ್ನು ಹೇಕ್ರಾಫ್ಟ್ ಎಂಬ ವಿಜ್ಞಾನಿ 1884ರಲ್ಲಿಯೇ ತೋರಿಸಿದರು. ವಾರ್ಫರಿನ್ ನುಂಗುವವರಿಗೆ ಜಿಗಣೆ ಹಚ್ಚಿದರೆ ರಕ್ತ ನಿಲ್ಲಿಸುವುದು ಕಷ್ಟವಾದೀತು. ಆಸ್ಪತ್ರೆಯ ವೈದ್ಯರು ಬರೆದ ಮಾತ್ರೆಯನ್ನು ನಿಲ್ಲಿಸುವ ಅಧಿಕಾರ ನಮಗಿಲ್ಲ. ಇದನ್ನು ಒಪ್ಪಿಕೊಂಡರೆ ನಮ್ಮ ಪದ್ಧತಿಗೆ ಕುಂದಿಲ್ಲ, ಗೌರವವೇ ಹೆಚ್ಚುತ್ತದೆ.

ಮೂರನೆಯದು ಕಬ್ಬಿನ ಫಡ. ಕಟಾವಿನ ಕಾಲದಲ್ಲಿ ರವದಿಯ ಕೆಳಗೆ ಮಲಗಿರುವ ಕೊಳಕುಮಂಡಲ ಕಚ್ಚುವುದು ನಮ್ಮ ಭಾಗಕ್ಕೆ ಹೊಸದಲ್ಲ. ಈ ಹಾವಿನ ವಿಷ ರಕ್ತದ ವಿಚಿತ್ರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದು ರಕ್ತದಲ್ಲಿನ ಹೆಪ್ಪಿನ ಅಂಶಗಳನ್ನು ಒಮ್ಮೆಲೇ ಬಡಿದೆಬ್ಬಿಸುತ್ತದೆ. ಮೈಯೆಲ್ಲ ಅಂಶಗಳು ಬಳಕೆಯಾಗಿ, ಫೈಬ್ರಿನೋಜನ್ ಬರಿದಾಗಿ, ಕೊನೆಗೆ ರಕ್ತ ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ. ಒಸಡು, ಮೂತ್ರ, ಕಚ್ಚಿದ ಗಾಯ ಎಲ್ಲ ಕಡೆ ರಕ್ತ ಸೋರತೊಡಗುತ್ತದೆ. ಇದೇ ವಿಷವನ್ನು ತೆಳುಗೊಳಿಸಿ, ರಕ್ತ ನಿಲ್ಲದ ಕುಸುಮರೋಗಿಗಳ ಗಾಯಕ್ಕೆ ಹಚ್ಚಿ ಹೆಪ್ಪುಗಟ್ಟಿಸಬಹುದೆಂದು ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಅವರ ಸಹೋದ್ಯೋಗಿ 1934ರಲ್ಲಿ ತೋರಿಸಿದರು. ಗಾಯದ ಮೇಲೆ ಒಂದು ಹನಿ ಔಷಧ. ಮೈಯೊಳಗೆ ಹೊಕ್ಕರೆ ಮೃತ್ಯು. ಇದನ್ನು ‘ದಪ್ಪ, ತೆಳು’ ಎಂಬ ಎರಡು ಮಾತುಗಳಲ್ಲಿ ಹೇಗೆ ಹೇಳುವುದು?

ಆಸ್ಪತ್ರೆಯಲ್ಲಿ ಇದಕ್ಕೆ ಬಹು ಸರಳವಾದ ಪರೀಕ್ಷೆಯುಂಟು. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ನಳಿಕೆಯನ್ನು ಓರೆ ಮಾಡಿದಾಗ ರಕ್ತ ಹರಿದರೆ ವಿಷ ಏರಿದೆಯೆಂದು ಅರ್ಥ; ಹಾವಿನ ವಿಷದ ಪ್ರತಿವಿಷವನ್ನು ಕೊಡುತ್ತಾರೆ. ಆದ್ದರಿಂದ ಹಾವು ಕಚ್ಚಿದ ಜಾಗವನ್ನು ಬ್ಲೇಡಿನಿಂದ ಗೀರಬೇಡಿರಿ. ಹೆಪ್ಪುಗಟ್ಟದ ರಕ್ತಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ. ಬಿಗಿಯಾಗಿ ಹಗ್ಗ ಕಟ್ಟಬೇಡಿರಿ. ಬೇರು ತೇಯ್ದು ಕುಡಿಸುತ್ತ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿರಿ. ಕಾಲನ್ನು ಅಲುಗದಂತೆ ಕಟ್ಟಿಗೆಗೆ ಸಡಿಲವಾಗಿ ಕಟ್ಟಿ, ಧೈರ್ಯ ಹೇಳಿ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ನಮ್ಮ ಸರ್ಕಾರ 2024ರಲ್ಲಿ ಆದೇಶಿಸಿದೆ. ಪ್ರತಿವಿಷ ನಮ್ಮ ಔಷಧವಲ್ಲವೆಂದು ಯಾವ ವೈದ್ಯನೂ ಹಿಂಜರಿಯಬಾರದು. ಪ್ರಾಣಕ್ಕೆ ಪದ್ಧತಿಯ ಭೇದವಿಲ್ಲ.

ಇನ್ನು ಹೆಪ್ಪು ಈಗಾಗಲೇ ಕಟ್ಟಿಬಿಟ್ಟರೆ ಏನು ಗತಿ? ಅದನ್ನು ಕರಗಿಸುವ ಚುಚ್ಚುಮದ್ದುಗಳಿವೆ, ಆದರೆ ಅವಕ್ಕೆ ಗಡಿಯಾರವಿದೆ. ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಮತ್ತು ಚುಚ್ಚುಮದ್ದಿನ ಅನುಕೂಲವಿರುವ ಆಸ್ಪತ್ರೆಯಲ್ಲಿರಬೇಕು. ಮೂಡಲಗಿಯ ಹಳ್ಳಿಗಳಿಂದ ಬೆಳಗಾವಿಗೆ ಹೋಗುವುದರಲ್ಲಿಯೇ ಎರಡು ಗಂಟೆ ಕಳೆಯುತ್ತದೆ. ಪಾರಿವಾಳದ ರಕ್ತ ಹಚ್ಚಲು, ಲಕ್ವದ ಮದ್ದು ಕೊಡುವವರನ್ನು ಹುಡುಕಲು ಉಳಿದ ಎರಡೂವರೆ ಗಂಟೆಯನ್ನು ಕಳೆಯುವಂತಿಲ್ಲ. ಎದೆನೋವಿಗೂ ಇದೇ ಮಾತು. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ನಮ್ಮ ತೈಲ, ಬಸ್ತಿ, ಅಭ್ಯಂಗಗಳ ಕೆಲಸ ಆಮೇಲೆ ಇದೆ. ಬಿದ್ದ ಕೈಕಾಲಿಗೆ ಮತ್ತೆ ಬಲ ತುಂಬುವಲ್ಲಿ ಅವುಗಳ ಉಪಕಾರವನ್ನು ನಾವು ಬಲ್ಲೆವು. ಆದರೆ ಮೊದಲ ನಾಲ್ಕೂವರೆ ಗಂಟೆ ಅವುಗಳದಲ್ಲ.

ಕೊನೆಯದಾಗಿ ನಮ್ಮ ಕೋರಿಕೆ ಚಿಕ್ಕದು. ‘ರಕ್ತ ತೆಳ್ಳಗೆ ಮಾಡುವ ಮಾತ್ರೆ’ ಎಂಬ ಮಾತನ್ನು ಇಂದಿನಿಂದ ಬಿಟ್ಟು ‘ಹೆಪ್ಪು ತಡೆಯುವ ಮಾತ್ರೆ’ ಎನ್ನೋಣ. ವೈದ್ಯರು ಚೀಟಿ ಕೊಡುವಾಗ, ಔಷಧ ಅಂಗಡಿಯವರು ಮಾತ್ರೆ ಕೊಡುವಾಗ, ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಹಾಗೆಯೇ ಹೇಳಲಿ. ಮಠಗಳಲ್ಲಿ ನಡೆಯುವ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪ್ರಸಾದಕ್ಕೆ ಮುನ್ನ ಐದು ನಿಮಿಷ ಈ ಮೂರು ಮಾತುಗಳಿಗೆ ಸಿಗಲಿ: ಬಾಣಂತಿಗೆ ನೀರು ಕೊಡಿರಿ, ಕೇಳದೆ ಮಾತ್ರೆ ಬಿಡಬೇಡಿರಿ, ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ ಹೋಗಿರಿ. ಆ ಗೋಷ್ಠಿಯಿಂದ ಮನೆಗೆ ಹೋದ ಒಬ್ಬ ಅತ್ತೆ ಸೊಸೆಯ ಕೈಗೆ ಒಂದು ತಂಬಿಗೆ ಬೆಚ್ಚನೆಯ ನೀರು ಕೊಟ್ಟರೂ ಆಡಿದ ಮಾತು ಸಾರ್ಥಕವಾಗುತ್ತದೆ.